ಲೈನು ಮನೆಗಳ ದೂರ

ಬಂಗಾರಪೇಟೆಯಿಂದ ಕವಲೊಡೆಯುವ ರೈಲುಮಾರ್ಗ ಕೋರಮಂಡಲ್, ಊರಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂ ಸೇರುತ್ತದೆ. ಇಡೀ ದಾರಿ ಸುಮಾರು ಹದಿನಾರು ಕಿಲೋಮೀಟರು, ಅಷ್ಟೇ. 1894ರಲ್ಲಿಯೇ ರೈಲನ್ನೂ 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನೂ ಕಂಡ ನೆಲವಿದು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹೊತ್ತಿಕೊಂಡದ್ದು ಅದಕ್ಕೂ ಮೂರು ವರ್ಷ ತಡವಾಗಿ. ಇಂಥ ಸ್ಥಳವನ್ನು ಕುಗ್ರಾಮವೆಂದು ಯಾರು ತಾನೆ ಕರೆದಾರು? ಆದರೂ ಚಾಂಪಿಯನ್ ರೀಫ್ಸಿನ ಗಣಿ ಕಾರ್ಮಿಕರು ಲೋಕದಿಂದ ಬಹುದೂರದಲ್ಲಿಯೇ ಬಾಳಿದರೆಂದು ನನಗನ್ನಿಸುತ್ತದೆ.

ದೂರವೆಂದರೆ ನಮಗೆ ಥಟ್ಟನೆ ನೆನಪಾಗುವುದು ರಸ್ತೆಯಿಲ್ಲದ ಊರು. ಕೆನಡಾ ದೇಶದ ಒಂಟಾರಿಯೊ ಪ್ರಾಂತದ ಉತ್ತರ ಭಾಗದಲ್ಲಿ ಓಜಿ-ಕ್ರೀ ಎಂಬ ಮೂಲನಿವಾಸಿಗಳ ಅಂಥ ಊರುಗಳಿವೆ. ಚಳಿಗಾಲದಲ್ಲಿ ಸರೋವರಗಳು ಹೆಪ್ಪುಗಟ್ಟಿದಾಗ ಕೆಲವು ವಾರ ಮಾತ್ರ ಆ ಹಿಮದ ಹಾದಿಯಲ್ಲಿ ಲಾರಿಗಳು ಓಡಾಡುತ್ತವೆ. ಉಳಿದ ಕಾಲದಲ್ಲಿ ದಿನಸಿ, ಔಷಧ, ರೋಗಿ ಎಲ್ಲಕ್ಕೂ ಸಣ್ಣ ವಿಮಾನವೇ ಗತಿ. ಆದರೆ ಆ ನೆಲ ತಮ್ಮ ಪೂರ್ವಿಕರದೆಂದು ಹೇಳುವ ಧೈರ್ಯ ಅವರಿಗಿದೆ. 2008ರಲ್ಲಿ ಬಿಗ್ ಟ್ರೌಟ್ ಲೇಕ್ ಎಂಬ ಊರಿನ ಮುಖಂಡರು ಪ್ಲಾಟಿನಂ ಹುಡುಕಲು ಬಂದ ಕಂಪನಿಗೆ ಎಡೆಗೊಡದೆ, ನ್ಯಾಯಾಲಯದ ಆದೇಶವನ್ನೂ ಮೀರಿ ಸೆರೆಮನೆ ಸೇರಿದರು. ನಮ್ಮ ಚಾಂಪಿಯನ್ ರೀಫ್ಸಿನವರ ದೂರ ಬೇರೆ ಬಗೆಯದು. ರೈಲು ಮನೆಯ ಹತ್ತಿರವೇ ಬರುತ್ತಿತ್ತು. ಮನೆ ನಿಂತ ನೆಲ ಮಾತ್ರ ಅವರದಾಗಿರಲಿಲ್ಲ.

ಮೈಕೆಲ್ ಲವೆಲ್ ಎಂಬ ಐರಿಷ್ ಮೂಲದ ಮಾಜಿ ಸೈನಿಕ ಇಲ್ಲಿ ಚಿನ್ನ ಅಗೆಯಲು ಮೈಸೂರು ಸರಕಾರದಿಂದ ಅನುಮತಿ ಪಡೆದದ್ದು 1875ರಲ್ಲಿ. 1880ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಗಣಿಗಳು ಬೆಳೆದವು. ದುಡಿಯಲು ಬಂದವರು ಬಹುಪಾಲು ಉತ್ತರ ಆರ್ಕಾಟಿನ ಕಡೆಯ, ತಮಿಳು ಮಾತನಾಡುವ ದಲಿತರು. ಚಿತ್ತೂರಿನ ಕಡೆಯಿಂದ ತೆಲುಗರೂ ಬಂದರು. ಜಮೀನ್ದಾರನ ಹೊಲದಿಂದ ತಪ್ಪಿಸಿಕೊಂಡು ಬಂದವರಿಗೆ ಕೈಗೆ ಸಿಗುವ ಕೂಲಿಯೇ ದೊಡ್ಡ ಬಿಡುಗಡೆಯಾಗಿ ಕಂಡಿರಬೇಕು. ಅವರಿಗಾಗಿ ಕಂಪನಿ ಸಾಲುಸಾಲಾಗಿ ಕಟ್ಟಿಸಿದ ಗುಡಿಸಲುಗಳೇ 'ಲೈನು'ಗಳು. ಬಿದಿರು ತಟ್ಟಿಯ ಗೋಡೆ, ಒಂದೇ ಕೋಣೆ. ಅನತಿ ದೂರದಲ್ಲಿ ದೊರೆಗಳ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ಪಾಳಿ ಮುಗಿಸಿ ಮೇಲೆ ಬಂದವನ ಮೈ ತಡವಿ ನೋಡಿಯೇ ಹೊರಗೆ ಬಿಡುತ್ತಿದ್ದರು. ಇಂಥ ಬಾಳಿನ ನಡುವೆಯೂ ಮಾರಿಯಮ್ಮನ ಗುಡಿಗಳು, ವಿಜಯ ಮಾತೆಯ ದೇವಾಲಯ, ಪ್ರಾರ್ಥನಾ ಮಂದಿರಗಳು ಎದ್ದುನಿಂತವು. ವಾರವೆಲ್ಲ ಪಾಳಿಯ ಸೀಟಿಗೆ ಓಗೊಟ್ಟವರು ಭಾನುವಾರ ಗಂಟೆಯ ಸದ್ದಿಗೆ ಮಕ್ಕಳ ಕೈಹಿಡಿದು ಹೊರಟರು.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಜಗತ್ತಿನ ಅತಿ ಆಳದ ಗಣಿಗಳಲ್ಲಿ ಅದೂ ಒಂದಾಗಿತ್ತು. ಅಲ್ಲಿ ಬಂಡೆಯ ಶಾಖ ಅರವತ್ತು ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಮೇಲಿನಿಂದ ತಂಪುಗಾಳಿಯನ್ನು ಯಂತ್ರದ ಮೂಲಕ ಕಳುಹಿಸದೆ ಕೆಲಸ ಸಾಗುತ್ತಿರಲಿಲ್ಲ. ಅಗೆದಷ್ಟೂ ಒತ್ತಡ ಹೆಚ್ಚಿ ಬಂಡೆ ತಾನಾಗಿ ಸಿಡಿಯುತ್ತಿತ್ತು. ಆ ಕಂಪನ ಮೇಲಿನ ಮನೆಗಳಿಗೂ ತಟ್ಟುತ್ತಿತ್ತು. ಗಂಡನೋ ಮಗನೋ ಕೆಳಗಿದ್ದ ಹೆಂಗಸರಿಗೆ ಪಾತ್ರೆ ಅಲುಗಿದರೆ ಸಾಕು, ಎದೆ ನಡುಗುತ್ತಿತ್ತು. ಸಿಡಿತದಿಂದ ಉಳಿದವರನ್ನು ಕಲ್ಲಿನ ದೂಳು ಶ್ವಾಸಕೋಶದೊಳಗೆ ಕೂತು ನಿಧಾನವಾಗಿ ಕೊಂದಿತು. 1965ರಲ್ಲಿ ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು ಇದೇ ಗಣಿಯ ಆಳದಲ್ಲಿ ವಾತಾವರಣದಿಂದ ಬರುವ ನ್ಯೂಟ್ರಿನೊ ಕಣಗಳ ಸುಳಿವು ಹಿಡಿದು ಹೆಸರಾದರು. ಅವರು ಬಂದದ್ದು ಆ ಆಳಕ್ಕಾಗಿ. ಅದನ್ನು ತೋಡಿಕೊಟ್ಟವರು ಲೈನಿನವರು.

ಈ ಜನ ತಲೆತಗ್ಗಿಸಿಯೇ ಇದ್ದರೆಂದು ತಿಳಿಯಬಾರದು. 1930ರಲ್ಲಿ ಗುರುತಿಗಾಗಿ ಎಲ್ಲರ ಬೆರಳಚ್ಚು ತೆಗೆಯುವ ಕ್ರಮ ಬಂದಾಗ ಇಡೀ ಗಣಿ ಪ್ರದೇಶ ಮೂರು ವಾರ ಕೆಲಸ ನಿಲ್ಲಿಸಿತು. ಮಾನ್ಯತೆ ಪಡೆದ ಕಾರ್ಮಿಕ ಸಂಘವೇ ಇಲ್ಲದ ಕಾಲವದು. ಬೆರಳಚ್ಚು ಕಳ್ಳರದು, ನಮ್ಮದೇಕೆ ಎಂಬುದು ಅವರ ಪ್ರಶ್ನೆ. ಕೂಲಿಗಿಂತ ಮಾನ ದೊಡ್ಡದಾಗಿ ಕಂಡ ಆ ಗಳಿಗೆಯನ್ನು ಚಿನ್ನದ ಲೆಕ್ಕ ಬರೆದವರು ಅಷ್ಟಾಗಿ ನೆನೆಯುವುದಿಲ್ಲ.

1956ರಲ್ಲಿ ಗಣಿಗಳು ಮೈಸೂರು ಸರಕಾರದ ಕೈಗೆ ಬಂದವು, 1962ರಲ್ಲಿ ಕೇಂದ್ರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರುವರಿ ಕೊನೆಗೆ ಕೆಲಸ ನಿಂತಿತು. ಆ ವೇಳೆಗೆ ಸುಮಾರು 800 ಟನ್ ಚಿನ್ನ ಈ ನೆಲದಿಂದ ಹೊರಹೋಗಿತ್ತು. ಉಳಿದದ್ದು ಸಯನೈಡ್ ದಿಬ್ಬಗಳು. ಗಾಳಿ ಬೀಸಿದ ದಿನ ಅವುಗಳ ದೂಳು ಲೈನಿನ ಅಡುಗೆಮನೆಯವರೆಗೂ ಬರುತ್ತದೆ.

ಗಣಿ ಹೋದರೂ ಜನ ಹೋಗಲಿಲ್ಲ. ಮೂರು ನಾಲ್ಕು ತಲೆಮಾರು ಹುಟ್ಟಿ ಬೆಳೆದ ಮನೆಯ ಹಕ್ಕುಪತ್ರ ತಮಗೆ ಕೊಡಿರೆಂದು ಕಚೇರಿಗಳಿಗೆ ಅಲೆದರು. ಬೆಳಕು ಹರಿಯುವ ಮುನ್ನ ಬುತ್ತಿ ಕಟ್ಟಿಕೊಂಡು ಚಾಂಪಿಯನ್ ನಿಲ್ದಾಣಕ್ಕೆ ಬರುವ ಹುಡುಗ ಹುಡುಗಿಯರು ಬೆಂಗಳೂರಿನಲ್ಲಿ ದುಡಿದು, ದೀಪ ಹೊತ್ತಿದ ಮೇಲೆ ಅದೇ ರೈಲುದಾರಿಯಲ್ಲಿ ಅಜ್ಜನ ಲೈನಿಗೆ ಮರಳುತ್ತಾರೆ.