ಕಡತ ಯಾರ ಮನೆಯಲ್ಲಿ?

ಚಿಂತಾಮಣಿಯಾಗಲಿ, ಗೌರಿಬಿದನೂರಾಗಲಿ, ತಾಲ್ಲೂಕು ಕಚೇರಿಯ ಆಸುಪಾಸಿನಲ್ಲಿ ಒಂದೆರಡು ಜೆರಾಕ್ಸ್ ಅಂಗಡಿಗಳು ಇದ್ದೇ ಇರುತ್ತವೆ. ಪಹಣಿ, ಆಧಾರ್, ಪಾಸ್‌ಬುಕ್ಕಿನ ಚಿತ್ರವನ್ನು ರೈತರು ಅಂಗಡಿಯವರ ಮೊಬೈಲಿಗೆ ಕಳಿಸುತ್ತಾರೆ. ಮುದ್ರಿತ ಪ್ರತಿ ಕೈಗೆ ಬರುತ್ತದೆ. ಚಿತ್ರ ಅಲ್ಲೇ ಉಳಿಯುತ್ತದೆ. ಇಂಥ ಅಂಗಡಿಗಳ ಹಳೆಯ ಕಂಪ್ಯೂಟರುಗಳಲ್ಲಿ ಇಂದಿಗೂ ವಿಂಡೋಸ್ 10 ಕಾಣಸಿಗುತ್ತದೆ. ಅದಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಹಲವು ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಒಪ್ಪಿದರೂ ಮೊದಲು ಕಂಪನಿಯ ಖಾತೆ ತೆರೆಯಿರಿ ಎನ್ನುತ್ತದೆ, ಕಾಗದಪತ್ರಗಳನ್ನು ಕ್ಲೌಡ್‌ನಲ್ಲಿ ಇಡಿ ಎನ್ನುತ್ತದೆ. ಮೋಡವೆಂದು ಹೆಸರಿದ್ದರೂ ಅದು ಆಕಾಶದಲ್ಲಿಲ್ಲ; ಯಾವುದೋ ಊರಿನ ಕಟ್ಟಡದಲ್ಲಿ ಸಾಲಾಗಿ ನಿಲ್ಲಿಸಿದ ಕಂಪ್ಯೂಟರುಗಳು, ಅಷ್ಟೆ.

ನಮ್ಮ ಕಾಗದ ಯಾರ ಬಳಿ ಇರಬೇಕು ಎಂಬ ಪ್ರಶ್ನೆ ಈ ಸೀಮೆಗೆ ಹೊಸದೇನಲ್ಲ. ‘ಕಡತ’ ಎಂಬ ಮಾತನ್ನೇ ನೋಡಿ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕವೇ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಊರಿನ ಹೊಲಗದ್ದೆಗಳ ಲೆಕ್ಕವೆಲ್ಲ ವಂಶಪಾರಂಪರ್ಯದ ಶಾನುಭೋಗರ ಕೈಯಲ್ಲಿರುತ್ತಿತ್ತು. ಅನುಕೂಲವೆಂದರೆ ಕಡತ ಊರಲ್ಲೇ ಇತ್ತು. ಅಪಾಯವೆಂದರೆ ಅದನ್ನು ಒರೆಸಿ ಮತ್ತೆ ಬರೆಯಬಹುದಿತ್ತು, ಓದು ಬಾರದ ರೈತನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ.

1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಶಾನುಭೋಗಿಕೆಯನ್ನು ಕೊನೆಗಾಣಿಸಿತು. ಸಂಬಳದ ಗ್ರಾಮಲೆಕ್ಕಿಗರು ಬಂದರು. ಪಹಣಿ ಮಾತ್ರ ಕೈಬರಹದಲ್ಲೇ ಉಳಿಯಿತು, ಅದಕ್ಕಾಗಿ ಅಲೆಯುವುದೂ ತಪ್ಪಲಿಲ್ಲ.

ದೊಡ್ಡ ಬದಲಾವಣೆ ತಂದದ್ದು ‘ಭೂಮಿ’ ಯೋಜನೆ. 2000ದ ಆಸುಪಾಸಿನಲ್ಲಿ, ನಮ್ಮ ಆರು ತಾಲ್ಲೂಕುಗಳು ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದಾಗ, ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ಕಡತವನ್ನು ಗುಟ್ಟಾಗಿ ಒರೆಸುವ ಕಾಲ ಮುಗಿಯಿತು ಎನಿಸಿತು. ಆದರೆ ಊರ ಲೆಕ್ಕ ತಾಲ್ಲೂಕಿಗೆ, ಅಲ್ಲಿಂದ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಹೋಯಿತು. ದಾಖಲೆಯ ಈ ಕೇಂದ್ರೀಕರಣ ಬೆಂಗಳೂರಿನ ಸುತ್ತ ದೊಡ್ಡ ಭೂ ವ್ಯವಹಾರಸ್ಥರಿಗೇ ಅನುಕೂಲವಾಯಿತು ಎಂದು ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರ ಅಧ್ಯಯನದಲ್ಲಿ ವಾದಿಸಿದರು. ಮರುವರ್ಷವೇ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದುಕೊಂಡಿತು. ಪಕ್ಕದ ಚಿಕ್ಕಬಳ್ಳಾಪುರದವರಿಗೆ ಈ ವಾದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಗ ಕಚೇರಿಗಳಿಗೆ ಬಂದದ್ದು ವಿಂಡೋಸ್. ಜೊತೆಗೆ ನಮ್ಮನ್ನು ಕಟ್ಟಿಹಾಕಿದ್ದು ಕನ್ನಡದ ಅಕ್ಷರಗಳೇ! ‘ಬರಹ’, ‘ನುಡಿ’ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಅವು ಹುಟ್ಟಿದ್ದು ವಿಂಡೋಸ್‌ಗಾಗಿ. ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಪತ್ರವನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತಿತ್ತು. ಯಂತ್ರ ಬದಲಿಸಿದರೆ ಬರೆದದ್ದೆಲ್ಲ ಹೋದಂತೆ ಎಂಬ ಭಯ ಹುಟ್ಟಿದ್ದು ಹೀಗೆ.

ಈ ಗಂಟು ಬಿಚ್ಚಿದ್ದು ಯೂನಿಕೋಡ್. ಎಲ್ಲ ಕಂಪ್ಯೂಟರುಗಳೂ ಒಂದೇ ಬಗೆಯಲ್ಲಿ ಅರಿಯುವ ಈ ಅಕ್ಷರ ಸಂಕೇತದಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬರೆದದ್ದೂ ಅದೇ ವರ್ಷ. ಉಬುಂಟು, ಲಿನಕ್ಸ್ ಮಿಂಟ್ ಮುಂತಾದವು ಅದರ ಸಂತಾನ. ಹಣ ಕೊಡಬೇಕಿಲ್ಲ, ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯೂ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸ್‌ನೊಳಗೇ ಕೂತಿದೆ. ಕೇರಳದ ಸರ್ಕಾರಿ ಶಾಲೆಗಳು ಎಂದೋ ಈ ದಾರಿ ಹಿಡಿದವು. ಬಳಸಿ ಗೊತ್ತಿಲ್ಲ ಎನ್ನುವವರ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ಪೆನ್‌ಡ್ರೈವ್‌ನಿಂದಲೇ ಓಡಿಸಿ, ಯಂತ್ರವನ್ನು ಮುಟ್ಟದೆ, ರುಚಿ ನೋಡಬಹುದು.

ಎಲ್ಲರಿಗೂ ಇದೇ ಸರಿ ಎನ್ನಲಾರೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಗೆ ಅದು ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶ ಎಂಬುದೇ ತೊಡಕು. ಹಳೆಯ ಬೆರಳಚ್ಚು ಸಾಧನ, ಪ್ರಿಂಟರುಗಳೂ ತಕರಾರು ತೆಗೆಯಬಹುದು. ಅಂಥವರು ಪರೀಕ್ಷಿಸಿಯೇ ಮುಂದುವರಿಯಬೇಕು. ಓದುವ ಹುಡುಗರಿಗೆ, ಪತ್ರ ಬರೆಯುವವರಿಗೆ ಮಾತ್ರ ಹೊಸ ಕಂಪ್ಯೂಟರ್ ಕೊಳ್ಳುವ ಖರ್ಚು ದಂಡವೇ ಸರಿ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ನಿವಾರಿಸಬೇಕು. ಲಿನಕ್ಸ್ ಹಾಕಿಕೊಂಡ ಮಾತ್ರಕ್ಕೆ ಈಗಾಗಲೇ ಕ್ಲೌಡ್ ಸೇರಿದ ಕಾಗದ ಹಿಂದಿರುಗುವುದಿಲ್ಲ. ಅಲ್ಲಿ ಕೇಳಬೇಕಾದ್ದು ಬೀಗದ ಕೈ ಯಾರ ಹತ್ತಿರ ಎಂದು. ಕೀಲಿ ಕಂಪನಿಯ ಬಳಿ ಇದ್ದರೆ ಅದು ತೆರೆದು ನೋಡಬಲ್ಲದು, ಕಾನೂನು ಕೇಳಿದರೆ ತೆರೆದು ಕೊಡಬೇಕಾಗಬಹುದು. ಕಾಗದವನ್ನು ನಮ್ಮ ಯಂತ್ರದಲ್ಲೇ ಗೂಢಲಿಪಿಗೆ ತಿರುಗಿಸಿ ಕಳಿಸಿದರೆ ಅವರ ಬಳಿ ಇರುವುದು ಬೀಗ ಹಾಕಿದ ಪೆಟ್ಟಿಗೆ ಮಾತ್ರ. ಆಗ ಗುಪ್ತಪದ ಮರೆತರೆ ನಮಗೂ ಅದು ತೆರೆಯದು!

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆಧಾರ್ ವಿರುದ್ಧ 2012ರಲ್ಲಿ ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ. ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಅಲ್ಲಿಯವರೆಗೆ ಜೆರಾಕ್ಸ್ ಅಂಗಡಿಯಿಂದ ಹೊರಡುವ ಮುನ್ನ, ‘ಅಣ್ಣಾ, ನನ್ನ ಆಧಾರ್ ಚಿತ್ರ ಅಳಿಸಿಬಿಡಿ’ ಎಂದು ಕೇಳಲು ಯಾವ ಕಾಯ್ದೆಯೂ ಬೇಕಿಲ್ಲ. ಕಂಪ್ಯೂಟರಿನಲ್ಲಿ ಅಳಿಸಿದರೆ ಸಾಲದು, ಅವರ ಮೊಬೈಲಿನಲ್ಲೂ ಅಳಿಸಬೇಕು.