ಬೆಟ್ಟ ಇಳಿಯುವಾಗ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಬಹುದೇ? ಕ್ರಿಸ್‌ಮಸ್ ರಜೆಯ ಪ್ರಯಾಣ: ನಂಬಿಕೆ ಮತ್ತು ವಾಸ್ತವ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ದಾವಣಗೆರೆ, ಹರಿಹರ ಕಡೆಯ ಕಾರುಗಳು ಬೆಟ್ಟದತ್ತ ಮುಖ ಮಾಡುತ್ತವೆ. ಕ್ರಿಸ್‌ಮಸ್ ರಜೆ, ವಾರಾಂತ್ಯ, ಹೊಸ ವರ್ಷ ಒಂದಕ್ಕೊಂದು ಅಂಟಿಕೊಂಡು ಬಂದರಂತೂ ಹೇಳುವುದೇ ಬೇಡ. ಹರಿಹರ ತಾಲ್ಲೂಕಿನ ನಂದಿಗುಡಿಯಿಂದ ಹೊರಟವರು ಮಲೇಬೆನ್ನೂರು, ಹೊನ್ನಾಳಿ, ಶಿವಮೊಗ್ಗ, ತರೀಕೆರೆ ಹಾದು ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಸೇರಬಹುದು. ಇನ್ನಷ್ಟು ದಿನ, ಇನ್ನಷ್ಟು ದುಡ್ಡು ಇದ್ದವರು ಹಿಮ ನೋಡಲು ಮನಾಲಿ, ಗುಲ್ಮಾರ್ಗ್‌ವರೆಗೂ ಹೋಗುತ್ತಾರೆ.

ಭದ್ರಾ ನಾಲೆಯ ಗದ್ದೆ ಬಯಲಿನಲ್ಲಿ ಗಾಡಿ ಕಲಿತವರಿಗೆ ಬೆಟ್ಟದ ರಸ್ತೆ ಬೇರೆಯೇ ಲೋಕ. ಹರಿಹರದ ಸುತ್ತಲಿನ ನೆಲ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1930 ಮೀಟರ್. ಬಯಲಿನಲ್ಲಿ ಹೇಗೋ ನಡೆದುಹೋಗುವ ಅಭ್ಯಾಸಗಳು, ಕೇಳಿ ಕಲಿತ ಉಪಾಯಗಳು ಈ ಎತ್ತರದಲ್ಲಿ ಕೈಕೊಡುತ್ತವೆ. ಅವುಗಳಲ್ಲಿ ಮುಖ್ಯವಾದ ಕೆಲವನ್ನು ದಾರಿಯ ಕ್ರಮದಲ್ಲೇ ಪರಿಶೀಲಿಸೋಣ.

ನಂಬಿಕೆ 1: ನಡುರಾತ್ರಿ ಹೊರಟರೆ ಟ್ರಾಫಿಕ್ ಇರಲ್ಲ, ನಿದ್ದೆ ಬಂದರೆ ಕಾಫಿ ಕುಡಿದರಾಯಿತು

ಸೂರ್ಯೋದಯ ನೋಡುವ ಆಸೆಗೆ ರಾತ್ರಿ ಒಂದು, ಎರಡು ಗಂಟೆಗೆ ಹೊರಡುವವರು ಬಹಳ. ನಮ್ಮ ದೇಹದ ಒಳಗಡಿಯಾರದ ಪ್ರಕಾರ ನಸುಕಿನ 2ರಿಂದ 5 ಗಂಟೆಯ ನಡುವೆ ಎಚ್ಚರ ತೀರಾ ಕಡಿಮೆ ಇರುತ್ತದೆ. ಆ ಹೊತ್ತಿನಲ್ಲಿ ಕಣ್ಣು ತೆರೆದಿದ್ದರೂ ಮಿದುಳು ಕೆಲವು ಸೆಕೆಂಡು ಮಂಕಾಗಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಕಾರು ಮೂರು ಸೆಕೆಂಡಿನಲ್ಲಿ 50 ಮೀಟರ್ ದಾಟಿರುತ್ತದೆ.

ಕಿಟಕಿ ತೆರೆಯುವುದು, ಜೋರಾಗಿ ಹಾಡು ಹಾಕುವುದು, ಮುಖಕ್ಕೆ ನೀರು ಚಿಮುಕಿಸುವುದು ಕೆಲವೇ ನಿಮಿಷದ ಮಾತು. ಕಾಫಿ ಸ್ವಲ್ಪ ನೆರವಾಗುತ್ತದೆ, ಆದರೆ ಕೆಫೀನ್ ಕೆಲಸ ಶುರುಮಾಡಲು 20ರಿಂದ 30 ನಿಮಿಷ ಬೇಕು. ಹಾಗಾಗಿ ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ, ಕಾಫಿ ಕುಡಿದು, ಒಂದು 15–20 ನಿಮಿಷ ಮಲಗಿ ಎದ್ದರೆ ಎರಡರ ಲಾಭವೂ ಸಿಗುತ್ತದೆ. ಇದೂ ತಾತ್ಕಾಲಿಕ ಪರಿಹಾರವೇ. ರಾತ್ರಿ ಸರಿಯಾಗಿ ಮಲಗಿ ಬೆಳಗ್ಗೆ ಹೊರಡುವುದಕ್ಕೆ ಯಾವ ಕಾಫಿಯೂ ಸಮ ಅಲ್ಲ.

ನಂಬಿಕೆ 2: ಮಂಜಿನಲ್ಲಿ ಹೈ ಬೀಮ್ ಹಾಕಿದರೆ ದೂರ ಕಾಣುತ್ತದೆ

ಕತ್ತಲಿಗೆ ಸರಿಹೋಗುವ ಉಪಾಯ ಮಂಜಿಗೆ ಆಗಿಬರುವುದಿಲ್ಲ. ಮಂಜು ಎಂದರೆ ಗಾಳಿಯಲ್ಲಿ ತೇಲುವ ಕೋಟ್ಯಂತರ ನೀರಿನ ಹನಿಗಳು. ಹೈ ಬೀಮ್ ಬೆಳಕು ಈ ಹನಿಗಳಿಗೆ ಬಡಿದು ಚದುರಿ, ಒಂದು ಪಾಲು ನಿಮ್ಮ ಕಣ್ಣಿಗೇ ಹಿಂದಿರುಗುತ್ತದೆ. ಎದುರಿಗೆ ಬಿಳಿ ಪರದೆ ಕಟ್ಟಿದಂತಾಗುತ್ತದೆ. ಲೋ ಬೀಮ್, ಇದ್ದರೆ ಬಂಪರಿನ ಕೆಳಗಿನ ಫಾಗ್ ಲ್ಯಾಂಪ್ ಬಳಸಿ.

ಓಡುವಾಗಲೇ ನಾಲ್ಕೂ ಇಂಡಿಕೇಟರ್ ಮಿನುಗಿಸುವುದು ಇನ್ನೊಂದು ತಪ್ಪು ಅಭ್ಯಾಸ. ನೀವು ಎಡಕ್ಕೆ ತಿರುಗುತ್ತೀರೋ, ಬಲಕ್ಕೋ ಎಂದು ಹಿಂದಿನವರಿಗೆ ತಿಳಿಯುವುದಿಲ್ಲ. ಗಾಡಿ ನಿಂತಿದೆಯೋ ಓಡುತ್ತಿದೆಯೋ ಎಂಬುದೂ ಗೊತ್ತಾಗುವುದಿಲ್ಲ. ಆ ದೀಪ ಇರುವುದು ನಿಂತ ಗಾಡಿಗೆ.

ವೇಗದ ಲೆಕ್ಕ ಸರಳ: ಕಾಣುವಷ್ಟು ದೂರದೊಳಗೆ ಗಾಡಿ ನಿಲ್ಲಬೇಕು. ಒಣ ರಸ್ತೆಯಲ್ಲೂ 60 ಕಿ.ಮೀ. ವೇಗದ ಕಾರು, ಚಾಲಕ ಪ್ರತಿಕ್ರಿಯಿಸುವ ಸಮಯವನ್ನೂ ಸೇರಿಸಿದರೆ, ನಿಲ್ಲಲು ಸುಮಾರು 45 ಮೀಟರ್ ತೆಗೆದುಕೊಳ್ಳುತ್ತದೆ. 30 ಕಿ.ಮೀ. ವೇಗದಲ್ಲಿ ಸುಮಾರು 18 ಮೀಟರ್ ಸಾಕು. ಬೆಟ್ಟ ಮುಟ್ಟುವ ಮೊದಲೇ ಈ ಲೆಕ್ಕ ಬೇಕಾಗುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ನದಿ, ನಾಲೆ, ಗದ್ದೆಗಳ ಪಕ್ಕದ ರಸ್ತೆಯಲ್ಲೂ ಮಂಜು ಕವಿಯುತ್ತದೆ. ಹಿಂದೆ ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಎದುರಾದರೆ 30 ಮೀಟರಿನೊಳಗೆ ಮಾತ್ರ ಕಾಣಬಹುದು.

ಗಾಜಿನ ಒಳಬದಿ ಮಂಜಾದರೆ ಬಟ್ಟೆಯಿಂದ ಒರೆಸುತ್ತಾ ಕೂರಬೇಡಿ. ಎಸಿ ಹಾಕಿ, ಬಿಸಿ ಗಾಳಿಯನ್ನು ಮುಂದಿನ ಗಾಜಿನತ್ತ ತಿರುಗಿಸಿ. ಎಸಿ ಗಾಳಿಯ ತೇವ ಹೀರುವುದರಿಂದ ಗಾಜು ಬೇಗ ತಿಳಿಯಾಗುತ್ತದೆ.

ನಂಬಿಕೆ 3: ವಾಂತಿ ಬರುವವರು ಹೊಟ್ಟೆ ತುಂಬಾ ತಿಂದು, ಕಣ್ಣು ತಗ್ಗಿಸಿ ಕೂತರೆ ಸರಿ

ತಿರುವಿನ ದಾರಿಯಲ್ಲಿ ವಾಂತಿ ಬರಲು ಹೊಟ್ಟೆಯೊಂದೇ ಕಾರಣವಲ್ಲ, ಮೂಲ ಇರುವುದು ಕಿವಿಯ ಒಳಗೆ. ಒಳಕಿವಿಯಲ್ಲಿರುವ ಸಮತೋಲನದ ಅಂಗ ‘ದೇಹ ವಾಲುತ್ತಿದೆ, ತಿರುಗುತ್ತಿದೆ’ ಎನ್ನುತ್ತದೆ. ಮೊಬೈಲ್ ನೋಡುತ್ತಿರುವ ಕಣ್ಣು ‘ಇಲ್ಲ, ಎಲ್ಲವೂ ಸ್ಥಿರವಾಗಿದೆ’ ಎನ್ನುತ್ತದೆ. ಈ ತಿಕ್ಕಾಟದಿಂದ ಹೊಟ್ಟೆ ತೊಳಸುತ್ತದೆ. ಮುಂದಿನ ತಿರುವನ್ನು ಮೊದಲೇ ಊಹಿಸುವ ಚಾಲಕನಿಗೆ ಸಾಮಾನ್ಯವಾಗಿ ಈ ತೊಂದರೆ ಇಲ್ಲ.

ತೊಂದರೆ ಇರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ದೂರದ ರಸ್ತೆ ನೋಡಲು ಹೇಳಿ. ಚಿಕ್ಕ ಮಕ್ಕಳನ್ನು ಮಾತ್ರ ಮುಂದೆ ಕೂರಿಸಬೇಡಿ; ಹಿಂದಿನ ಸೀಟಿನಲ್ಲೇ ಹೊರಗೆ ನೋಡುವಂತೆ ಮಾಡಿ. ಬೆಣ್ಣೆದೋಸೆಯ ಭರ್ಜರಿ ಊಟ ಬೆಟ್ಟ ಇಳಿದ ಮೇಲಿರಲಿ, ಏರುವ ಮುನ್ನ ಹಗುರವಾಗಿ ತಿಂದರೆ ಸಾಕು. ವಾಂತಿಯ ಮಾತ್ರೆಗಳಲ್ಲಿ ಹಲವು ನಿದ್ದೆ ತರಿಸುತ್ತವೆ. ಗಾಡಿ ಓಡಿಸುವವರು ಅವನ್ನು ನುಂಗಬಾರದು.

ನಂಬಿಕೆ 4: ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಇಂಧನ ಉಳಿಯುತ್ತದೆ

ಇವುಗಳಲ್ಲೆಲ್ಲ ಅತ್ಯಂತ ಅಪಾಯಕಾರಿ ನಂಬಿಕೆ ಇದು. “ನ್ಯೂಟ್ರಲ್ ಮಾಡಣ್ಣ, ಗಾಡಿ ತಾನೇ ಹೋಗುತ್ತೆ” ಎಂಬ ಸಲಹೆಯನ್ನು ಹಿಂದಿನ ಸೀಟಿನಿಂದ ಕೇಳದವರು ಕಡಿಮೆ. ಹಳೆಯ ಕಾರ್ಬ್ಯುರೇಟರ್ ಗಾಡಿಗಳ ಕಾಲದಲ್ಲಿ ಇದರಿಂದ ಅಲ್ಪಸ್ವಲ್ಪ ಪೆಟ್ರೋಲ್ ಉಳಿಯುತ್ತಿದ್ದುದು ನಿಜ. ಈಗಿನ ಫ್ಯೂಯೆಲ್ ಇಂಜೆಕ್ಷನ್ ಇಂಜಿನ್‌ಗಳಲ್ಲಿ ಲೆಕ್ಕ ತಲೆಕೆಳಗು. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜಿನ್‌ಗೆ ಹೋಗುವ ಇಂಧನವನ್ನು ಕಂಪ್ಯೂಟರ್ ನಿಲ್ಲಿಸುತ್ತದೆ; ಚಕ್ರಗಳೇ ಇಂಜಿನ್ ಅನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಆರದಂತೆ ಇರಲು ಇಂಧನ ಉರಿಯುತ್ತಲೇ ಇರಬೇಕು. ಅಂದರೆ ನ್ಯೂಟ್ರಲ್ ಮಾಡಿದವರಿಗೇ ಖರ್ಚು ಹೆಚ್ಚು.

ಹಣದ ಮಾತು ಬಿಡಿ, ಶಾಖದ ಲೆಕ್ಕ ನೋಡೋಣ. ಐದು ಜನ ಕೂತ ಕಾರಿನ ತೂಕ 1500 ಕಿಲೋ ಎಂದುಕೊಳ್ಳಿ. ಅದು ಗಿರಿಯ ಮೇಲಿಂದ ಚಿಕ್ಕಮಗಳೂರಿನತ್ತ 700 ಮೀಟರ್ ಕೆಳಗಿಳಿದರೆ ಸುಮಾರು 1 ಕೋಟಿ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಸ್ನಾನದ ಎರಡು ಬಕೆಟ್, ಅಂದರೆ 30 ಲೀಟರ್ ತಣ್ಣೀರನ್ನು ಕುದಿ ಬರಿಸಲು ಇಷ್ಟು ಶಾಖ ಸಾಕು. ಒಂದು ಪಾಲು ಟೈರು ಮತ್ತು ಗಾಳಿಯ ಘರ್ಷಣೆಯಲ್ಲಿ ಕಳೆದುಹೋಗುತ್ತದೆ. ಉಳಿದದ್ದನ್ನು ಇಂಜಿನ್ ಅಥವಾ ಬ್ರೇಕ್ ಹೊರಬೇಕು. ನ್ಯೂಟ್ರಲ್ ಮಾಡಿದರೆ ಎಲ್ಲ ಭಾರವೂ ಬ್ರೇಕಿನ ಮೇಲೆ.

ಬ್ರೇಕ್ ಅತಿಯಾಗಿ ಕಾದರೆ ಎರಡು ರೀತಿಯಲ್ಲಿ ಕೈಕೊಡುತ್ತದೆ. ಮೊದಲನೆಯದು, ಪ್ಯಾಡುಗಳ ಹಿಡಿತ ಕಡಿಮೆಯಾಗುತ್ತದೆ. ಎಷ್ಟು ಒತ್ತಿದರೂ ಗಾಡಿ ನಿಧಾನವಾಗುವುದಿಲ್ಲ. ಎರಡನೆಯದು ಬ್ರೇಕ್ ಆಯಿಲ್‌ನ ಕತೆ. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಮಾನದಂಡದಂತೆ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಸೇರಿದ ಮೇಲೆ ಈ ಮಿತಿ 140 ಡಿಗ್ರಿ. ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ವರ್ಷಗಟ್ಟಲೆ ಆಯಿಲ್ ಬದಲಿಸದ ಗಾಡಿ ಊರೊಳಗೆ ಚೆನ್ನಾಗಿಯೇ ಓಡುತ್ತಿರುತ್ತದೆ, ದೋಷ ಗೊತ್ತಾಗುವುದು ಘಾಟಿಯಲ್ಲಿ.

ಇಂಜಿನ್ ಆಫ್ ಮಾಡಿ ಇಳಿಯುವುದಂತೂ ಇನ್ನೂ ಕೆಟ್ಟದ್ದು. ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಖಾಲಿಯಾಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ.

ಹಾಗಾದರೆ ಇಳಿಯುವುದು ಹೇಗೆ?

ಏರಲು ಬಳಸಿದ ಗೇರಿನಲ್ಲೇ ಇಳಿಯಿರಿ ಎಂಬ ಹಳೆಯ ಚಾಲಕರ ಮಾತು ಇಂದಿಗೂ ಒಳ್ಳೆಯ ಅಂದಾಜು. ಕಡಿದಾದ ಕಡೆ ಎರಡನೆಯ ಗೇರು, ಬೇಕಾದರೆ ಮೊದಲನೆಯದು. ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಇಳಿಸಿ. ಆಟೊಮ್ಯಾಟಿಕ್ ಗಾಡಿಯಲ್ಲಿ ‘ಎಲ್’, ‘ಬಿ’ ಅಥವಾ ಮ್ಯಾನ್ಯುಯಲ್ ಮೋಡ್ ಇರುತ್ತದೆ, ಅದನ್ನು ಬಳಸಿ. ಎಲೆಕ್ಟ್ರಿಕ್ ಕಾರು ಇಳಿಯುವಾಗ ತನ್ನ ಮೋಟರಿನಿಂದಲೇ ಬ್ಯಾಟರಿ ತುಂಬಿಕೊಂಡು ವೇಗ ತಗ್ಗಿಸುತ್ತದೆ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಈ ಹಿಡಿತ ಕಡಿಮೆಯಾಗುತ್ತದೆ.

ಬ್ರೇಕನ್ನು ಸದಾ ಮೆಲ್ಲಗೆ ಒತ್ತಿಕೊಂಡೇ ಇರಬೇಡಿ. ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಬಿಡಿ, ತಣಿಯಲು ಸಮಯ ಕೊಡಿ. ಸುಟ್ಟ ವಾಸನೆ ಬಂದರೆ ಅಥವಾ ಪೆಡಲ್ ಮೆತ್ತಗೆನಿಸಿದರೆ ಮೊದಲು ಸಿಗುವ ಅಗಲ ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿ ಇಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಕನಿಷ್ಠ ಅರ್ಧ ಗಂಟೆ ಕಾಯಿರಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಅದು ಸೊಟ್ಟಗಾಗಬಹುದು ಅಥವಾ ಬಿರುಕು ಬಿಡಬಹುದು. ಇಕ್ಕಟ್ಟಾದ ದಾರಿಯಲ್ಲಿ ಎದುರಿನಿಂದ ಏರಿ ಬರುವ ಗಾಡಿಗೆ ಮೊದಲು ದಾರಿ ಬಿಡಿ. ಇದು ಬರೀ ಸೌಜನ್ಯವಲ್ಲ, ನಮ್ಮ ದೇಶದ ಸಂಚಾರ ನಿಯಮ.

ನಂಬಿಕೆ 5: ಫೋರ್ ವೀಲ್ ಡ್ರೈವ್ ಇದ್ದರೆ ಹಿಮದಲ್ಲಿ ಭಯವಿಲ್ಲ

ಇದು ಮನಾಲಿ ಕಡೆಗೆ ಹೋಗುವವರಿಗೆ. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ 9.02 ಕಿ.ಮೀ. ಉದ್ದದ ಅಟಲ್ ಸುರಂಗದಿಂದಾಗಿ ಚಳಿಗಾಲದಲ್ಲೂ ಲಾಹೌಲ್ ಕಣಿವೆಗೆ ಹೋಗುವುದು ಸುಲಭವಾಗಿದೆ. ಕ್ರಿಸ್‌ಮಸ್ ವಾರದಲ್ಲಿ ಆ ದಾರಿಯಲ್ಲಿ ಕಾರುಗಳ ಸಾಲು ನಿಲ್ಲುತ್ತದೆ. ನಾಲ್ಕೂ ಚಕ್ರಕ್ಕೆ ಬಲ ಸಿಕ್ಕರೆ ಗಾಡಿ ಮುಂದೆ ಸಾಗಲು ಅನುಕೂಲ. ನಿಲ್ಲಲು ಅದರಿಂದ ಲಾಭವಿಲ್ಲ. ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ಒಣ ಡಾಂಬರಿನಲ್ಲಿ 40 ಕಿ.ಮೀ. ವೇಗದ ಕಾರು ಬ್ರೇಕ್ ಹಾಕಿದ ಮೇಲೆ ಸುಮಾರು 9 ಮೀಟರಿನಲ್ಲಿ ನಿಂತರೆ, ಮಂಜುಗಡ್ಡೆಯ ಮೇಲೆ 60 ಮೀಟರ್ ದಾಟಬಹುದು. ಆಲ್ಪ್ಸ್ ಪರ್ವತದ ದೇಶವಾದ ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, ರಸ್ತೆಯಲ್ಲಿ ಹಿಮವಿದ್ದಾಗ ಚಳಿಗಾಲದ ಟೈರು ಕಡ್ಡಾಯ ಮಾಡಿರುವುದು ಇದಕ್ಕೇ. ನಮ್ಮೂರಿನ ಟೈರಿನಲ್ಲಿ ಹಿಮದ ಮೇಲೆ ಓಡಿಸುವುದಕ್ಕಿಂತ ಸರಪಳಿ ಕಟ್ಟಿದ ಸ್ಥಳೀಯ ಟ್ಯಾಕ್ಸಿ ಹಿಡಿಯುವುದು ಲೇಸು.

ನಂಬಿಕೆ 6: ಚಳಿಗೆ ಗಾಜು ಮುಚ್ಚಿ, ಇಂಜಿನ್ ಚಾಲೂ ಇಟ್ಟು ಮಲಗಬಹುದು

2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಗಿರಿಧಾಮದ ದಾರಿಯಲ್ಲಿ ಭಾರೀ ಹಿಮಪಾತಕ್ಕೆ ಸಿಕ್ಕಿ, ಕಾರುಗಳಲ್ಲೇ 20ಕ್ಕೂ ಹೆಚ್ಚು ಪ್ರವಾಸಿಗರು ಸತ್ತರು. ಅವರಲ್ಲಿ ಕೆಲವರನ್ನು ಕೊಂದದ್ದು ಚಳಿಯಲ್ಲ, ಕಾರ್ಬನ್ ಮೊನಾಕ್ಸೈಡ್ ಎಂದು ವರದಿಯಾಯಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸೈಲೆನ್ಸರಿನ ಬಾಯಿ ಹಿಮದಿಂದ ಮುಚ್ಚಿದರೆ ಹೊಗೆ ಕಾರಿನೊಳಗೆ ಬರಬಹುದು. ಹಿಮವಿಲ್ಲದ ನಮ್ಮ ಕಡೆಯೂ ಮುಚ್ಚಿದ ಶೆಡ್ಡಿನಲ್ಲಿ ಅಥವಾ ಸೈಲೆನ್ಸರ್ ತೂತಾದ ಗಾಡಿಯಲ್ಲಿ ಇದೇ ಅಪಾಯವಿದೆ. ತಲೆನೋವು, ತಲೆಸುತ್ತು, ಮಂಪರು ಬಂದರೆ ಇಂಜಿನ್ ಆರಿಸಿ ಹೊರಗೆ ಬನ್ನಿ.

ಚಳಿ ಓಡಿಸಲು ‘ಸ್ವಲ್ಪ’ ಮದ್ಯ ಎಂಬುದೂ ಇದೇ ಸಾಲಿನದು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚಗಾದಂತೆ ಅನಿಸುತ್ತದೆ, ನಿಜದಲ್ಲಿ ದೇಹ ಶಾಖ ಕಳೆದುಕೊಳ್ಳುತ್ತದೆ. ಮುಳ್ಳಯ್ಯನಗಿರಿಯ ಚಳಿಗೆ ಸ್ವೆಟರ್, ಕಿವಿ ಮುಚ್ಚುವ ಟೊಪ್ಪಿಗೆ ಸಾಕು. ಪ್ರತಿ ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ತಾಪ ಇಳಿಯುವುದರಿಂದ, ಹರಿಹರಕ್ಕಿಂತ ಅಲ್ಲಿ 9 ಡಿಗ್ರಿಯಷ್ಟು ತಂಪು.

ಹೊರಡುವ ಮುನ್ನ

- ಬ್ರೇಕ್ ಪ್ಯಾಡ್ ನೋಡಿಸಿ. ಬ್ರೇಕ್ ಆಯಿಲ್ ಎರಡು ವರ್ಷ ಹಳೆಯದಾಗಿದ್ದರೆ ಬದಲಿಸಿ.
- ಟೈರಿನ ಗಾಳಿ, ಸ್ಟೆಪ್ನಿ, ಹಿಂದಿನ ದೀಪಗಳನ್ನು ಪರೀಕ್ಷಿಸಿ.
- ಗಿರಿಗೆ ಹೋಗುವ ವಾಹನಗಳಿಗೆ ಜಿಲ್ಲಾಡಳಿತ ಮಿತಿ ಹಾಕುವುದುಂಟು. ಮುಂಗಡ ನೋಂದಣಿ ಬೇಕೇ ಎಂದು ವಿಚಾರಿಸಿ.
- ದತ್ತ ಜಯಂತಿಯ ದಿನಗಳಲ್ಲಿ ಬಾಬಾಬುಡನ್‌ಗಿರಿ ದಾರಿಯಲ್ಲಿ ಪ್ರವಾಸಿಗರಿಗೆ ನಿರ್ಬಂಧ ಇರುತ್ತದೆ. 2023ರಲ್ಲಿ ಅದು ಡಿಸೆಂಬರ್ 26ಕ್ಕೇ ಬಂದಿತ್ತು. ಪಂಚಾಂಗ ನೋಡಿಕೊಳ್ಳಿ.
- ಹಿಂದಿನ ಸೀಟಿನವರೂ ಬೆಲ್ಟ್ ಹಾಕಲಿ. ಅಪಘಾತ ಕಂಡರೆ 112 ಅಥವಾ 108ಕ್ಕೆ ಕರೆ ಮಾಡಿ.