ಶಿಸ್ತು ಮತ್ತು ಅಠಾರಾ ಕಚೇರಿ

ಯಲಹಂಕ ನಾಡಪ್ರಭುಗಳು ಕಟ್ಟಿದ ಬೆಂಗಳೂರು 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನ ವಶವಾಗಿ ಶಹಾಜಿಯ ಜಹಗೀರಾಯಿತು. ಪ್ರಭುಗಳು ಮಾಗಡಿಗೆ ಸರಿದರು. 1687ರಲ್ಲಿ ಮೊಗಲ ಸೇನಾನಿ ಖಾಸಿಂಖಾನನು ಶಹಾಜಿಯ ಮಗ ಏಕೋಜಿಯಿಂದ ಅದನ್ನು ಕಸಿದುಕೊಂಡನು. ಮೈಸೂರಿನ ಚಿಕ್ಕದೇವರಾಜ ಒಡೆಯನು ಮೂರು ಲಕ್ಷ ರೂಪಾಯಿ ತೆತ್ತು ಅವನಿಂದ ಅದನ್ನು ಪಡೆದನು. ಐವತ್ತು ವರ್ಷಗಳೊಳಗೆ ನಾಲ್ಕು ಧ್ವಜಗಳನ್ನು ಕಂಡ ಇಲ್ಲಿಯ ಒಕ್ಕಲಿಗನಿಗೆ ಅರಸರ ವಂಶಾವಳಿಗಿಂತ ಕಂದಾಯದ ಲೆಕ್ಕವೇ ಹತ್ತಿರದ ವಿಷಯವಾಗಿದ್ದಿರಬೇಕು. ಆ ಲೆಕ್ಕವನ್ನೇ ಅಳತೆಗೋಲಾಗಿ ಹಿಡಿದು ಅಂದಿನ ಎರಡು ಪ್ರಬಲ ಕನ್ನಡ ರಾಜ್ಯಗಳಾದ ಕೆಳದಿ ಮತ್ತು ಮೈಸೂರುಗಳನ್ನು ನೋಡಿದರೆ, ಯುದ್ಧದ ಕಥೆಗಳಲ್ಲಿ ಕಾಣದ ಕೆಲವು ಸಂಗತಿಗಳು ಗೋಚರಿಸುತ್ತವೆ.

ಎರಡೂ ರಾಜ್ಯಗಳ ವೈರ ಪ್ರಸಿದ್ಧವಾದುದು. 1659ರಲ್ಲಿ ಕೆಳದಿಯ ಶಿವಪ್ಪನಾಯಕನು ಶ್ರೀರಂಗಪಟ್ಟಣವನ್ನೇ ಮುತ್ತಿ ವಿಫಲನಾಗಿ ಹಿಂದಿರುಗಿದನು. 1694ರಲ್ಲಿ ರಾಣಿ ಚೆನ್ನಮ್ಮಾಜಿಯವರ ಕಾಲದಲ್ಲಿ ಒಂದು ಕೌಲು ಏರ್ಪಟ್ಟು, ಐಗೂರು ಸಕಲೇಶಪುರಗಳು ಕೆಳದಿಗೆ ಉಳಿದವು. ಇಷ್ಟು ಸಾಕು.

ಶಿವಪ್ಪನಾಯಕನ (1645–1660) ಹೆಸರು ಮಲೆನಾಡಿನಲ್ಲಿ ಉಳಿದಿರುವುದು ಅವನ ದಂಡಯಾತ್ರೆಗಳಿಂದಲ್ಲ, ‘ಶಿಸ್ತಿ’ನಿಂದ. ಮೈಸೂರು ಗೆಜೆಟಿಯರಿನಲ್ಲಿ ರೈಸರು ದಾಖಲಿಸಿರುವಂತೆ, ನಾಯಕನು ಪ್ರತಿ ಗ್ರಾಮದಲ್ಲಿಯೂ ಒಂದೊಂದು ತರಗತಿಯ ಒಂದೊಂದು ಭೂಮಿಯನ್ನು ಹನ್ನೆರಡು ವರ್ಷಗಳ ಕಾಲ ಅರಮನೆಯ ಖರ್ಚಿನಲ್ಲಿಯೇ ಸಾಗುವಳಿ ಮಾಡಿಸಿದನು. ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಫಸಲು ಎಲ್ಲವೂ ಲೆಕ್ಕಕ್ಕೆ ಸೇರಿದವು. ಭೂಮಿಯನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ಬಗೆಯಾಗಿ ವಿಂಗಡಿಸಿ, ಸರಾಸರಿ ಫಸಲನ್ನೂ ಬೆಲೆಯನ್ನೂ ತೆಗೆದು, ಮೂರನೆಯ ಒಂದು ಪಾಲನ್ನು ಅರಸನ ಭಾಗವೆಂದು ನಿಗದಿಪಡಿಸಲಾಯಿತು. ಪಾಲು ಹಗುರವಾದುದೇನೂ ಅಲ್ಲ. ಆದರೆ ಉತ್ತಿ ಬಿತ್ತುವ ಮೊದಲೇ ತಾನು ಕೊಡಬೇಕಾದುದು ಎಷ್ಟೆಂಬುದನ್ನು ಒಕ್ಕಲಿಗನು ಬಲ್ಲವನಾಗಿದ್ದನು.

ಚಿಕ್ಕದೇವರಾಜನ (1673–1704) ಮಾರ್ಗ ಬೇರೆ. ಶಾಸ್ತ್ರೋಕ್ತವಾದ ಷಡ್ಭಾಗವನ್ನು ಮೀರಿದನೆಂಬ ಅಪವಾದ ತಟ್ಟದಂತೆ ಆ ಪಾಲನ್ನು ಹಾಗೆಯೇ ಇರಿಸಿ, ಹುಲ್ಲುಹಣ, ಮನೆತೆರಿಗೆ, ಮದುವೆತೆರಿಗೆ, ಕುರಿತೆರಿಗೆ ಮೊದಲಾದ ಚಿಲ್ಲರೆ ತೆರಿಗೆಗಳನ್ನು ಅದರ ಸುತ್ತ ಹೆಣೆಯಲಾಯಿತು. ಆರನೆಯ ಒಂದು ಪಾಲು ಕಾಗದದ ಮೇಲೆ ಆರನೆಯ ಒಂದಾಗಿಯೇ ಉಳಿಯಿತು. ಮನೆಯ ಕಣಜದಲ್ಲಿ ಉಳಿದುದು ಎಷ್ಟೆಂಬುದನ್ನು ಒಕ್ಕಲಿಗನೇ ಹೇಳಬೇಕಾಗಿತ್ತು. ಅವನ ಮಾತನ್ನು ಬರೆದಿಟ್ಟವರಿಲ್ಲ. ತಿರುಮಲಾರ್ಯನಂಥ ಆಸ್ಥಾನಕವಿಯಲ್ಲಿ ಅರಸನ ಪ್ರತಾಪ ದೊರೆಯುತ್ತದೆ, ಹುಲ್ಲುಹಣದ ಪ್ರಸ್ತಾಪವನ್ನು ಅಲ್ಲಿ ನಿರೀಕ್ಷಿಸುವಂತಿಲ್ಲ. ಲಿಂಗಣ್ಣನ ಕೆಳದಿನೃಪವಿಜಯವೂ ಅರಮನೆಯ ಕಡೆಯಿಂದಲೇ ನೋಡಿದ ಚರಿತ್ರೆಯೆಂಬುದನ್ನು ಸಾಹಿತ್ಯವಿದ್ಯಾರ್ಥಿಗಳು ಮರೆಯುವಂತಿಲ್ಲ.

ಮೈಸೂರಿನ ರೈತರು ಪ್ರತಿಭಟಿಸಿದ ರೀತಿಯನ್ನು ವಿಲ್ಕ್ಸನು 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದಲ್ಲಿ ವರ್ಣಿಸಿದ್ದಾನೆ. ಊರಬಾಗಿಲಿನ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿ, ಉಳುವುದಿಲ್ಲವೆಂದು ಸಾರಿದರಂತೆ. ಅವರಿಗೆ ಮುಂದಾಳುಗಳಾಗಿ ನಿಂತವರು ಜಂಗಮರು. ಭಕ್ತನ ಕಣಜ ಬರಿದಾದರೆ ಮಠದ ದಾಸೋಹವೂ ನಿಲ್ಲುವುದರಿಂದ ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ನಂಜನಗೂಡಿನಲ್ಲಿ ನಾನ್ನೂರಕ್ಕೂ ಹೆಚ್ಚು ಜಂಗಮರ ವಧೆಯಾಯಿತೆಂದೂ, ಏಳುನೂರಕ್ಕೂ ಮಿಗಿಲಾದ ಮಠಗಳು ನಾಶವಾದವೆಂದೂ ಅವನು ಬರೆಯುತ್ತಾನೆ. ಘಟನೆಯಾಗಿ ನೂರು ವರ್ಷಗಳಿಗೂ ಮೀರಿದ ಮೇಲೆ ಬರೆದ ಈ ಸಂಖ್ಯೆಗಳನ್ನು ಅಕ್ಷರಶಃ ಒಪ್ಪಬೇಕಾಗಿಲ್ಲ. ಇದನ್ನು ಕೇವಲ ಮತದ್ವೇಷದ ಕಥೆಯೆಂದು ಓದುವುದೂ ಸರಿಯಲ್ಲ. ಕಲಹದ ಮೂಲ ತೆರಿಗೆಯಲ್ಲಿತ್ತು. ಮಂತ್ರಿ ವಿಶಾಲಾಕ್ಷ ಪಂಡಿತನು ಜೈನನಾಗಿದ್ದುದರಿಂದ ದೋಷವೆಲ್ಲವೂ ಅವನ ಮೇಲೆ ಬಿದ್ದಿತು. ಮುಂದೆ ಅವನ ಕೊಲೆಯೂ ಆಯಿತು.

ಕೆಳದಿಯನ್ನು ರಾಮರಾಜ್ಯವೆಂದು ಹೊಗಳುವುದಕ್ಕೂ ಆಧಾರ ಸಾಲದು. ಅರಸರು ಸ್ವಮತದವರೆಂಬ ಅಭಿಮಾನದಿಂದ ಅಂಥ ಮಾತುಗಳು ಆಗಾಗ ಕೇಳಿಬರುವುದುಂಟು. 1618ರಲ್ಲಿ ಇಕ್ಕೇರಿಯ ಅರಸರು ಕರಾವಳಿಯ ಹಳೆಯ ರೇಖೆಯ ಮೇಲೆ ನೂರಕ್ಕೆ ಐವತ್ತರಂತೆ ಏರಿಸಿದ್ದನ್ನು ಮನ್ರೋ 1800ರಲ್ಲಿ ಲೆಕ್ಕಪತ್ರಗಳಿಂದ ಎತ್ತಿ ತೋರಿಸಿದ್ದಾನೆ. ಅತ್ತ ಚಿಕ್ಕದೇವರಾಜನ ‘ಅಠಾರಾ ಕಚೇರಿ’ಯ ವ್ಯವಸ್ಥೆ ಕೆಳದಿಯಲ್ಲಿ ಕಾಣದಂಥದು. ಸುಂಕದ ಚಾವಡಿ, ದೇವಸ್ಥಾನದ ಚಾವಡಿ, ಬೇಹಿನ ಚಾವಡಿ, ಕಬ್ಬಿಣದ ಚಾವಡಿ, ಹೊಗೆಸೊಪ್ಪಿನ ಚಾವಡಿ ಎಂದು ಹದಿನೆಂಟಾಗಿ ಹಂಚಿಕೊಟ್ಟ ಕಾರ್ಯಭಾರದಿಂದ ಮೈಸೂರು ಬಲಿಷ್ಠವಾಯಿತು, ಬೊಕ್ಕಸ ತುಂಬಿತು, ಅರಸನಿಗೆ ನವಕೋಟಿ ನಾರಾಯಣನೆಂಬ ಹೆಸರೂ ಬಂದಿತು. ಕೆಳದಿಯವರು ಹೊಲವನ್ನು ಅಳೆದರು. ಮೈಸೂರಿನವರು ಕಚೇರಿಯನ್ನು ಕಟ್ಟಿದರು.

1763ರಲ್ಲಿ ಹೈದರನು ಬಿದನೂರನ್ನು ಗೆದ್ದುಕೊಂಡು ಅದಕ್ಕೆ ಹೈದರನಗರವೆಂದು ಹೆಸರಿಟ್ಟನು. ಆದರೆ 1801ರಲ್ಲಿ ಬುಕಾನನ್ ಅಲ್ಲಿಗೆ ಬಂದಾಗಲೂ ಶಿವಪ್ಪನಾಯಕನ ಶಿಸ್ತಿನ ಮಾತು ಅವನ ಕಿವಿಗೆ ಬಿದ್ದಿತು. 1830ರಲ್ಲಿ ನಗರದ ರೈತರು ಮೈಸೂರಿನ ಕಂದಾಯದ ಅಧಿಕಾರಿಗಳ ವಿರುದ್ಧ ಕೂಟ ಸೇರಿ ದಂಗೆಯೆದ್ದಾಗ, ಅವರ ನಡುವೆ ಕಾಣಿಸಿಕೊಂಡ ಬೂದಿ ಬಸವಪ್ಪನು ತಾನು ಆ ಅಳಿದುಹೋದ ನಾಯಕರ ವಾರಸುದಾರನೆಂದು ಹೇಳಿಕೊಂಡನು. ಮರುವರ್ಷ, 1831ರ ಅಕ್ಟೋಬರಿನಲ್ಲಿ, ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಒಡೆಯರ ಕೈಯಿಂದ ತೆಗೆದುಕೊಂಡರು.